ಸಂಪಾದಕರ ಉತ್ತರ: ಸ್ವಂತ ಗೇಮನ್ನು ಟೊರೆಂಟ್‌ನಲ್ಲಿ ಹಂಚಬಹುದೇ?

ದಾವಣಗೆರೆಯ ಓದುಗರಿಗೆ,

ನೀವೂ ಇಬ್ಬರು ಗೆಳೆಯರೂ ಸೇರಿ ಒಂದು ಪುಟ್ಟ ಕಂಪ್ಯೂಟರ್ ಗೇಮ್ ಮಾಡಿದ್ದೀರಿ. ಅದನ್ನು ಉಚಿತವಾಗಿ ಹಂಚುವ ಆಸೆ, ಆದರೆ ಸರ್ವರ್‌ಗೆ ಕಟ್ಟಲು ದುಡ್ಡಿಲ್ಲ. ‘ಟೊರೆಂಟ್‌ನಲ್ಲಿ ಹಾಕ್ತೀವಿ ಅಂದ್ರೆ ಮನೆಯಲ್ಲಿ ಅದು ಕಳ್ಳರ ದಾರಿ ಅಂತಾರೆ, ನಿಜವಾ?’ ಎಂದು ಕೇಳಿದ್ದೀರಿ.

ಅಲ್ಲ. ಟೊರೆಂಟ್ ಅಂದರೆ ಜನ ತಮ್ಮ ಕಂಪ್ಯೂಟರ್‌ಗಳಿಂದಲೇ ಒಬ್ಬರಿಗೊಬ್ಬರು ಫೈಲ್ ಹಂಚಿಕೊಳ್ಳುವ ವಿಧಾನ, ಅಷ್ಟೇ. ಗೇಮ್ ನಿಮ್ಮದು. ಯಾರಿಗೆ, ಹೇಗೆ ಕೊಡಬೇಕು ಅನ್ನೋದು ನಿಮಗೆ ಬಿಟ್ಟದ್ದು. ಬೇರೆಯವರ ಕೆಲಸವನ್ನು ಕೇಳದೆ ಹಂಚಿದರೆ ಮಾತ್ರ ತಪ್ಪು. ಬ್ರಾಮ್ ಕೋಹೆನ್ 2001ರಲ್ಲಿ ಈ ವಿಧಾನವನ್ನು ಬಿಟ್‌ಟೊರೆಂಟ್ ಹೆಸರಲ್ಲಿ ಹೊರತಂದರು. ಆಮೇಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮ್ ಮಾಡಿದ ಬ್ಲಿಝಾರ್ಡ್ ಕಂಪನಿಯೇ ತನ್ನ ಅಪ್‌ಡೇಟ್‌ಗಳನ್ನು ಇದೇ ವಿಧಾನದಲ್ಲಿ ಕಳಿಸಿತು. 2010ರಲ್ಲಿ ಶುರುವಾದ, ಗೇಮ್ ಮಾರುವ ಹಂಬಲ್ ಬಂಡಲ್ ಕೂಡ ಇಂಡೀ (ಚಿಕ್ಕ ತಂಡಗಳು ಸ್ವಂತವಾಗಿ ಮಾಡಿದ) ಗೇಮ್‌ಗಳನ್ನು ಕೊಂಡವರಿಗೆ ಟೊರೆಂಟ್ ಕೊಡುತ್ತಿತ್ತು. ಇನ್ನೂ ಹಿಂದೆ ಹೋದರೆ, 1993ರ ಡಿಸೆಂಬರ್‌ನಲ್ಲಿ ಬಂದ ಡೂಮ್ ಗೇಮಿನ ಮೊದಲ ಭಾಗ ಉಚಿತವಾಗಿತ್ತು. ಜನ ಅದನ್ನು ಫ್ಲಾಪಿಯಿಂದ ಫ್ಲಾಪಿಗೆ ಕಾಪಿ ಮಾಡಿ ಹಂಚಿದರು. ಮುಂದಿನ ಭಾಗ ಬೇಕೆಂದವರು ದುಡ್ಡು ಕೊಟ್ಟರು.

ನನ್ನ ಚಿಂತೆ ಬೇರೆಯೇ ಇದೆ. ಟೊರೆಂಟ್‌ನಲ್ಲಿ ಫೈಲನ್ನು ಚೂರುಗಳಾಗಿ ಒಡೆಯುತ್ತಾರೆ. ಇಳಿಸಿಕೊಳ್ಳುವವರೇ ತಮಗೆ ಸಿಕ್ಕ ಚೂರನ್ನು ಇನ್ನೊಬ್ಬರಿಗೆ ಕೊಡುತ್ತಾ ಹೋಗುತ್ತಾರೆ. ಜನ ಹೆಚ್ಚಿದಷ್ಟೂ ನಿಮ್ಮ ಮೇಲಿನ ಹೊರೆ ಕಡಿಮೆ. ಆದರೆ ಜನ ಕಡಿಮೆಯಾದಾಗ? ಪೂರ್ತಿ ಪ್ರತಿ ಇಟ್ಟುಕೊಂಡು ಹಂಚುವವರನ್ನು ಸೀಡರ್ ಅನ್ನುತ್ತಾರೆ. ದೊಡ್ಡ ಗೇಮ್‌ಗಳಿಗೆ ಸೀಡರ್‌ಗಳು ಸಿಗುತ್ತಾರೆ. ಚಿಕ್ಕ ಗೇಮ್ ಮೊದಲ ವಾರ ಓಡಾಡಿ, ಆರು ತಿಂಗಳಿಗೆ ಯಾರ ಬಳಿಯೂ ಸಿಗದಂತಾಗಬಹುದು. ಮೊಬೈಲ್ ಹಾಟ್‌ಸ್ಪಾಟ್ ನಂಬಿ ನೀವೇ ಸೀಡ್ ಮಾಡುತ್ತೀರಾದರೆ ಇನ್ನೂ ಕಷ್ಟ. ಎಷ್ಟೋ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಬಹಳ ಜನ ಒಂದೇ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಗುರುತಿಸುವ ಸಂಖ್ಯೆ) ಹಂಚಿಕೊಂಡಿರುತ್ತಾರೆ, ಹಾಗಾಗಿ ಹೊರಗಿನವರು ನೇರವಾಗಿ ನಿಮ್ಮನ್ನು ತಲುಪಲಾರರು. ಇನ್ನೊಂದು ತೊಡಕಿದೆ. ಒಮ್ಮೆ ಬಿಟ್ಟ ಟೊರೆಂಟನ್ನು ತಿದ್ದಲು ಬರುವುದಿಲ್ಲ. ಬಗ್ ಸರಿಮಾಡಿದರೆ ಹೊಸ ಟೊರೆಂಟ್ ಮಾಡಬೇಕು, ಹಳೆಯದು ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದೆ.

ಹಾಗಾಗಿ ಟೊರೆಂಟ್ ಒಂದನ್ನೇ ನೆಚ್ಚಬೇಡಿ. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯಕ್ಕೆ ಗೇಮ್ ಹಾಕಿ. ಅದು ತಾನೇ ಟೊರೆಂಟ್ ಮಾಡಿಕೊಡುತ್ತದೆ, ಅದರ ಸರ್ವರ್‌ಗಳೂ ಫೈಲ್ ಒದಗಿಸುತ್ತವೆ. ಗೇಮ್ ಹಂಚುವ, ಮಾರುವ ತಾಣ ಇಚ್.ಐಓದಲ್ಲೂ ಒಂದು ಪುಟ ತೆರೆಯಿರಿ. 2013ರಿಂದ ನಡೆಯುತ್ತಿರುವ ಆ ತಾಣದಲ್ಲಿ ಮಾರಾಟದ ಹಣದಲ್ಲಿ ತಾಣಕ್ಕೆ ಎಷ್ಟು ಪಾಲು ಅಂತ ನೀವೇ ಹೇಳಬಹುದು, ಸೊನ್ನೆ ಅಂದರೂ ನಡೆಯುತ್ತದೆ. ಅದೂ ಗಟ್ಟಿ ನೆಲವಲ್ಲ ಅನ್ನಿ. 2025ರ ಜುಲೈನಲ್ಲಿ ಹಣ ಪಾವತಿ ಕಂಪನಿಗಳ ಒತ್ತಡಕ್ಕೆ ಸಿಕ್ಕು ವಯಸ್ಕರ ಗೇಮ್‌ಗಳನ್ನೆಲ್ಲ ದಿಢೀರನೆ ಹುಡುಕಾಟದಿಂದ ಮರೆಮಾಡಿತು. ನಿಮ್ಮ ಗೇಮ್ ಆ ಬಗೆಯದಲ್ಲ, ನಿಜ. ಆದರೂ ಎರಡು ಮೂರು ಕಡೆ ಪ್ರತಿ ಇರೋದು ಒಳ್ಳೇದು, ಅಲ್ವಾ?

‘ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು’ ಎಂಬ ಲೈಸೆನ್ಸ್ ಬರಹ ಫೋಲ್ಡರ್‌ನಲ್ಲಿರಲಿ. ಅದಿಲ್ಲದಿದ್ದರೆ ಸಜ್ಜನರು ಹಂಚಲು ಹಿಂಜರಿಯುತ್ತಾರೆ. ನಿಮ್ಮ ಪುಟದಲ್ಲಿ ಮ್ಯಾಗ್ನೆಟ್ ಲಿಂಕ್ (ಟೊರೆಂಟ್ ತೆರೆಯುವ ಕೊಂಡಿ) ಜೊತೆ ಫೈಲಿನ ಹ್ಯಾಶ್ ಕೂಡ ಹಾಕಿ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಬದಲಾದರೆ ಅದೂ ಬದಲಾಗುತ್ತದೆ. ನಿಮ್ಮ ಗೇಮಿನ ಹೆಸರಲ್ಲಿ ಯಾರಾದರೂ ವೈರಸ್ ಹರಡಿದರೆ ಆಟಗಾರರು ಹೋಲಿಸಿ ನೋಡಬಹುದು.

ಆ ಲಿಂಕನ್ನು ನಮಗೂ ಕಳಿಸಿ. ನಮ್ಮ ಕಚೇರಿಯ ಕಂಪ್ಯೂಟರಿನಲ್ಲೂ ಸೀಡ್ ಮಾಡುತ್ತೇವೆ.

— ಸಂ.