ಮಾವನ ಅನುಮಾನಕ್ಕೊಂದು ಅರ್ಜಿ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವಳು, 26 ವರ್ಷ. ನಾಲ್ಕು ವರ್ಷದ ಮಗಳಿದ್ದಾಳೆ, ಈಗ ಮತ್ತೆ ಐದು ತಿಂಗಳ ಬಸುರಿ. ರಕ್ತ 8.4 ಇದೆ ಅಂದಿದ್ದಾರೆ. ನಮ್ಮ ಮಾವ ಹೊಲ ಲೀಸಿಗೆ ಕೊಟ್ಟ ಮೇಲೆ ಇಡೀ ದಿನ ಮೊಬೈಲ್ ನೋಡುತ್ತಾರೆ. ರೇಷನ್ ಅಕ್ಕಿ, ಅಂಗನವಾಡಿ ಅಕ್ಕಿ ಎಲ್ಲ ಪ್ಲಾಸ್ಟಿಕ್, ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ ಮುಂದೆ ಮಕ್ಕಳಾಗದಂತೆ ಮಾಡುವ ಸಂಚು ಅನ್ನುತ್ತಾರೆ. ನನ್ನ ಗುಳಿಗೆಗಳನ್ನು ಚರಂಡಿಗೆ ಎಸೆದರು. ಮಗಳಿಗೆ ಅಂಗನವಾಡಿಯಲ್ಲಿ ಉಣ್ಣಲು ಬಿಡುತ್ತಿಲ್ಲ. ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿ ಹೋದದ್ದೂ ಬೇಕಂತಲೇ ಮಾಡಿಸಿದ್ದಂತೆ. ಬಂದ ವಿಡಿಯೋ ಎಲ್ಲ ಊರಿಗೆ ಕಳಿಸುತ್ತಾರೆ. ಗಂಡ ‘ಅಪ್ಪನ ಕೂಡ ಯಾಕ ವಾದಾ ಮಾಡ್ತಿ’ ಅಂತ ಸುಮ್ಮನಾಗುತ್ತಾರೆ. ತವರಿಗೆ ಹೋಗಿಬಿಡಲೇ?

ಉತ್ತರ:

ತಂಗೀ, ಮೊದಲು ಆ ಕೆಂಪು ಗುಳಿಗೆಯ ಮಾತು, ಅದು ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಗುಳಿಗೆ. ಮಾವ ಒಪ್ಪುವವರೆಗೆ ಅದು ಕಾಯುವಂಥದ್ದಲ್ಲ. ಬಸುರಿಯ ರಕ್ತ, ಅಂದರೆ ಹಿಮೋಗ್ಲೋಬಿನ್ ಪ್ರಮಾಣ, 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಿಮ್ಮದು 8.4. ನಾಳೆಯೇ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕಂಡು ಮತ್ತೆ ಗುಳಿಗೆ ತನ್ನಿ, ಅತ್ತೆಯ ಕೈಗೆ ಕೊಟ್ಟಿಡಿ. ಮನೆಯಲ್ಲಿ ಹೆತ್ತ ಹೆಂಗಸು ಅವರು. ‘ಅತ್ತೀ, ನನಗ ಎದ್ದು ನಿಂತ್ರ ಕಣ್ಣು ಕತ್ತಲಿ ಬರತಾವ’ ಎಂದು ನೇರವಾಗಿ ಹೇಳಿ. ಚಹಾ ಅಥವಾ ಹಾಲಿನ ಜೊತೆ ಗುಳಿಗೆ ನುಂಗಬೇಡಿ, ಲಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುತ್ತದೆ. ಕಬ್ಬಿಣದ ಗುಳಿಗೆಗೆ ಅದು ಸಹಜ. ಇದನ್ನು ಅತ್ತೆಗೆ ಮೊದಲೇ ಹೇಳಿಬಿಡಿ, ‘ವಿಷ’ ಎಂಬ ಮಾತು ಹುಟ್ಟುವುದು ಇಂಥ ಕಡೆಯೇ.

ಇನ್ನು ಮಾವ. ನಿಮ್ಮ ಪತ್ರ ಓದುವಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಬದುಕಿದ ಸೀಮೆ ಎಂಥದ್ದು ನೋಡಿ. ಪಕ್ಕದ ಬಳ್ಳಾರಿಯಲ್ಲಿ ಅದಿರು ಲೂಟಿಯಾಯಿತು. ಜಪ್ತಿ ಮಾಡಿಟ್ಟ ಅದಿರೂ ಬೇಲೆಕೇರಿ ಬಂದರಿನಿಂದ ಮಾಯವಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದ ಮೇಲೆ ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಕೈಗೆ ಏರಿಸಿದ ದ್ರಾವಣದ ಮೇಲೇ ಅನುಮಾನ ಬಂತು. ಇಷ್ಟೆಲ್ಲ ನೋಡಿದ ರೈತನಿಗೆ ‘ಸರಕಾರದ್ದು ಅಂದ್ರ ನಂಬ್ರಿ’ ಎಂದರೆ ಯಾಕೆ ನಂಬಬೇಕು? ಅವರ ಅನುಮಾನ ದಡ್ಡತನದ್ದಲ್ಲ. ‘ಮಾವ, ನಿಮಗ ತಿಳಿಯಂಗಿಲ್ಲ’ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು.

ಆದರೆ ನಿಜವಾದ ಮೋಸಗಳು ಹೊರಬಂದದ್ದು ಹೇಗೆ ಎಂಬುದನ್ನು ಅವರಿಗೆ ನೆನಪಿಸಬೇಕು. ಲೋಕಾಯುಕ್ತರು ಪರ್ಮಿಟ್ಟು, ಲಾರಿ, ತೂಕ, ಸಹಿ ಹಿಡಿದು ಹೋದರು. ವರದಿಯಲ್ಲಿ ಹೆಸರು ಬಂತು, ಹೆಸರಿದ್ದವರು ಕೋರ್ಟಿಗೆ ಹೋದರು. ಅಕ್ಕಿಯ ವಿಡಿಯೋದಲ್ಲಿ ಯಾವ ಊರು, ಯಾವ ಗೋದಾಮು, ಯಾರು ಪರೀಕ್ಷೆ ಮಾಡಿದರು, ಏನೂ ಇರುವುದಿಲ್ಲ. ಅನ್ನದ ಉಂಡೆ ಕಟ್ಟಿ ನೆಲಕ್ಕೆ ಹೊಡೆದು ಪುಟಿಸಿ ತೋರಿಸುತ್ತಾರೆ. ಅನ್ನದ ಅಂಟಿಗೆ ಯಾವ ಅಕ್ಕಿಯ ಉಂಡೆಯೂ ಪುಟಿಯುತ್ತದೆ.

ಅಕ್ಕಿಯಲ್ಲಿ ಬೇರೆ ಥರದ ಕಾಳು ಇರುವುದು ನಿಜ, ಅದನ್ನು ಒಪ್ಪಿಕೊಳ್ಳಿ. ಸರಕಾರಿ ಯೋಜನೆಗಳಿಗೆಲ್ಲ ಸಾರವರ್ಧಿತ ಅಕ್ಕಿ ಕೊಡುತ್ತೇವೆಂದು ಪ್ರಧಾನಿ ಘೋಷಿಸಿದ್ದು 2021ರ ಆಗಸ್ಟ್ 15ರಂದು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಕಲಸಿ, ಯಂತ್ರದಲ್ಲಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಿಲೋ ಅಕ್ಕಿಗೆ ಸುಮಾರು ಒಂದು ಕಿಲೋ ಬೆರೆಸುತ್ತಾರೆ. ಬಣ್ಣ ತುಸು ಬೇರೆ, ಕೆಲವು ನೀರಲ್ಲಿ ತೇಲುತ್ತವೆ. ಜೀವನವೆಲ್ಲ ಭತ್ತ ಬೆಳೆದ ಕಣ್ಣಿಗೆ ಅದು ಬೀಳದೆ ಇದ್ದೀತೆ? ಹೀಗೊಂದು ಕಾಳು ಬರುತ್ತದೆ ಎಂದು ಮನೆಮನೆಗೆ ತಿಳಿಸಬೇಕಿದ್ದವರು ತಿಳಿಸಲಿಲ್ಲ. ಆ ತಪ್ಪು ನಿಮ್ಮ ಮಾವನದಲ್ಲ. ಥಲಸ್ಸೀಮಿಯಾ, ಸಿಕಲ್ ಸೆಲ್ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರಿಗೆ ಈ ಅಕ್ಕಿ ಕೊಡಬೇಕೇ ಎಂಬ ಚರ್ಚೆ ವೈದ್ಯರಲ್ಲೇ ನಡೆದಿದೆ. ಅದನ್ನೂ ಅವರಿಂದ ಮುಚ್ಚಿಡಬೇಡಿ. ಅವರಿಗೆ ಈಗ ಬೇಕಿರುವುದು ಏನನ್ನೂ ಮುಚ್ಚಿಡದೆ ಮಾತಾಡುವ ಮನೆಮಂದಿ.

ಒಂದು ಮಧ್ಯಾಹ್ನ, ಹೊರಗಿನವರು ಯಾರೂ ಇಲ್ಲದಾಗ, ಮೊರದ ತುಂಬ ಅಕ್ಕಿ ಅವರ ಮುಂದಿಡಿ. ‘ಮಾವಾರ, ಪ್ಲಾಸ್ಟಿಕ್ ಕಾಳು ನೀವ ಆರಿಸಿ ಕೊಡ್ರಿ’ ಅನ್ನಿ. ಅವರು ಆರಿಸಿದ್ದನ್ನೇ ನೀರಲ್ಲಿ ನೆನೆಹಾಕಿ ಬೆರಳಲ್ಲಿ ಒತ್ತಲಿ, ಹಿಟ್ಟಾಗುತ್ತದೆ. ಇನ್ನು ನಾಲ್ಕು ಕಾಳಿನ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ಹನಿ ಬಿಡಿ, ಕಪ್ಪು ನೀಲಿಗೆ ತಿರುಗುತ್ತದೆ. ಪಿಷ್ಟ ಇದ್ದರೆ ಮಾತ್ರ ಹಾಗಾಗುವುದು, ಪ್ಲಾಸ್ಟಿಕ್ ಹಾಗೆ ತಿರುಗುವುದಿಲ್ಲ. ಮೊಬೈಲಲ್ಲಿ ಚಿತ್ರೀಕರಿಸಬೇಡಿ, ‘ನೋಡಿದ್ರೇನು’ ಅನ್ನಬೇಡಿ, ಎದ್ದು ಒಳಗೆ ಹೋಗಿ ಚಹಾ ಮಾಡಿ.

ಮಾರನೇ ದಿನ ಇನ್ನೊಂದು ವಿಡಿಯೋ ಬರುತ್ತದೆ, ಅದಕ್ಕೂ ಸಿದ್ಧರಿರಿ. ಗೇಟಿನ ಮಾತನ್ನೇ ತೆಗೆದುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಹೋದದ್ದು ಅದರ ಸರಪಳಿ ಕಡಿದು. ಡ್ಯಾಮು 1953ರದ್ದು, ಗೇಟುಗಳಿಗೆ ವಯಸ್ಸಾಗಿತ್ತು. ವರ್ಷಗಟ್ಟಲೆ ಯಾರೂ ಗಮನ ಕೊಡಲಿಲ್ಲ ಎಂದರೆ ಬೈಯಲು ಒಬ್ಬ ಮನುಷ್ಯ ಸಿಗುವುದಿಲ್ಲ, ಬೇಕಂತಲೇ ಮಾಡಿಸಿದರು ಎಂದರೆ ಸಿಗುತ್ತಾನೆ. ಅದರ ಮೇಲೆ, ದುಡಿಯುವ ಹೊಲ ಕೈಬಿಟ್ಟ ಮನುಷ್ಯನಿಗೆ ಕಟ್ಟೆಯ ಮೇಲೆ ನಾಲ್ಕು ಜನ ಕಿವಿಗೊಡುವುದು ಈ ಸುದ್ದಿಗಳಿಂದಲೇ. ಅದನ್ನು ಕಿತ್ತುಕೊಂಡರೆ ಅವರ ಬಳಿ ಉಳಿಯುವುದೇನು?

ಹಾಗಾಗಿ ಅವರ ಅನುಮಾನಕ್ಕೆ ಒಂದು ಕೆಲಸ ಕೊಡಿ. ಇಲ್ಲಿ ನಿಮ್ಮ ಗಂಡ ಬೇಕು. ಮೌನ ಅವರಿಗೆ ಸುಲಭ, ಅದರ ಬೆಲೆ ತೆರುತ್ತಿರುವುದು ನಿಮ್ಮ ಮೈ. ‘ಅಪ್ಪನ ಕೂಡ ವಾದ ಬ್ಯಾಡ, ಅರ್ಜಿ ಬರೀರಿ’ ಎಂದು ಅವರಿಗೆ ಹೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದು ಇಂಥ ಅನುಮಾನಗಳಿಗೇ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ನ್ಯಾಯಬೆಲೆ ಅಂಗಡಿಗೆ ಬಂದ ಅಕ್ಕಿಯ ಪರೀಕ್ಷಾ ವರದಿ ಕೊಡಿ ಎಂದು ಆಹಾರ ಇಲಾಖೆಗೆ ಅಪ್ಪ ಮಗ ಕೂಡಿ ಬರೆಯಲಿ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಯಾಕೆ ತಲುಪುವುದಿಲ್ಲ ಎಂದು ನೀರಾವರಿ ಇಲಾಖೆಗೂ ಒಂದು ಬರೆಯಲಿ. ಮಾವ ಆ ಉತ್ತರ ಹಿಡಿದು ಕಟ್ಟೆಗೆ ಹೋದರೆ ಜನ ಕೇಳದಿರುತ್ತಾರೆಯೇ? ಅಕ್ಕಿಯಲ್ಲಿ ಹುಳ, ಕಲ್ಲು, ಕಡಿಮೆ ತೂಕ ಇದ್ದರೆ ಅದೂ ಹೊರಬರಲಿ, ಊರಿಗೇ ಒಳ್ಳೆಯದು.

ಎರಡು ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಒಂದು, ನಿಮ್ಮ ಗುಳಿಗೆ ಮತ್ತು ಮಗಳ ಊಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತ ಕಡಿಮೆ. ನಿಮ್ಮ ಮಗಳದ್ದೂ ಒಮ್ಮೆ ಪರೀಕ್ಷೆ ಮಾಡಿಸಿ. ಮಾತೃಪೂರ್ಣ ಯೋಜನೆಯ ಬಿಸಿಯೂಟ ನಿಮಗೂ ಇದೆ, ತಾಯಿ ಮಗಳು ಜೊತೆಯಾಗಿ ಅಂಗನವಾಡಿಗೆ ಹೋಗಿ. ಇನ್ನೊಂದು, ವಿಡಿಯೋ ಊರಿಗೆಲ್ಲ ಹಂಚುವುದು. 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸುದ್ದಿ ಹರಿದು, ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಆತನ ಜೊತೆ ಬಂದಿದ್ದವರು ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪವಾಯಿತು. ಸುದ್ದಿ ದಾಟಿಸಿದವರೆಲ್ಲ ತಾವು ಊರನ್ನು ಕಾಯುತ್ತಿದ್ದೇವೆ ಎಂದೇ ತಿಳಿದಿದ್ದರು. ಇದನ್ನು ಮಗನೇ ಅಪ್ಪನಿಗೆ ಹೇಳಲಿ.

ತವರಿನ ಮಾತನ್ನು ಬೆದರಿಕೆಯಾಗಿ ಆಡಬೇಡಿ. ಮುಂದಿನ ತಪಾಸಣೆಗೆ ಅತ್ತೆಯನ್ನು ಕರೆದುಕೊಂಡು ಹೋಗಿ, ವೈದ್ಯರು ಹೇಳುವುದನ್ನು ಅವರು ಕಿವಿಯಾರೆ ಕೇಳಲಿ. ರಕ್ತ ಏರದಿದ್ದರೆ ನರಕ್ಕೆ ಕಬ್ಬಿಣಾಂಶ ಏರಿಸಬೇಕು ಅನ್ನಬಹುದು, ಒಪ್ಪಿಕೊಳ್ಳಿ. ಅದಕ್ಕೂ ಮನೆಯಲ್ಲಿ ಅಡ್ಡ ಬಂದರೆ, ಅಥವಾ ಗುಳಿಗೆ ಮತ್ತೆ ಚರಂಡಿ ಸೇರಿದರೆ, ಆಗ ಗಂಡನಿಗೆ ಹೇಳಿ ಮಗಳನ್ನೂ ಕರೆದುಕೊಂಡು ತವರಿಗೆ ಹೋಗಿ, ಹೆರಿಗೆಯವರೆಗೆ ಅಲ್ಲೇ ಇರಿ. ತಾಯಿ ಕಾರ್ಡು ಮರೆಯದೆ ಜೊತೆಗಿಟ್ಟುಕೊಳ್ಳಿ, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಅದನ್ನು ನೋಡಿಯೇ ಮುಂದುವರಿಸುತ್ತಾರೆ.