ಬೀರುವಿನಲ್ಲಿ ಸಿಕ್ಕ ಸರ ಯಾರದ್ದು?

ಪ್ರಶ್ನೆ: ಮನೆ ಖಾಲಿ ಮಾಡುತ್ತಿದ್ದವರಿಂದ ಹಳೆಯ ಮರದ ಬೀರು ಕೊಂಡೆವು. ಡ್ರಾಯರನ್ನು ಪೂರ್ತಿ ಎಳೆದು ಒರೆಸುವಾಗ ಹಿಂದಿನ ಸಂದಿಯಲ್ಲಿ ಬಟ್ಟೆ ಸುತ್ತಿಟ್ಟ ಚಿನ್ನದ ಸರ, ಕೆಂಪು ಹರಳಿನ ಪದಕ ಸಿಕ್ಕಿತು. ‘ಬೀರು ನಮ್ಮದಾದ ಮೇಲೆ ಒಳಗಿರೋದೂ ನಮ್ಮದೇ. ಫೈಂಡರ್ಸ್ ಕೀಪರ್ಸ್, ಸಿಕ್ಕಿದ್ದು ಸಿಕ್ಕವನಿಗೇ ಅಂತ ಗಾದೆಯೇ ಇದೆಯಲ್ಲ’ ಅಂತಾರೆ ನನ್ನ ಯಜಮಾನರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಸರ ನಿಮ್ಮದಲ್ಲ. ಆ ಗಾದೆಯೂ ನಿಮ್ಮ ಯಜಮಾನರ ಪರ ನಿಲ್ಲುವುದಿಲ್ಲ.

ಅದು ಇಂಗ್ಲೆಂಡಿನ ಹುಡುಗರ ಮಾತು. ಜೊತೆಯಲ್ಲಿ ಹೋಗುವಾಗ ಒಬ್ಬನಿಗೆ ಏನೋ ಸಿಕ್ಕರೆ ಇನ್ನೊಬ್ಬ ಪಾಲು ಕೇಳುತ್ತಾನೆ. ಅದನ್ನು ತಪ್ಪಿಸಲು ಸಿಕ್ಕವನು ‘ಪಾಲಿಲ್ಲ, ಸಿಕ್ಕಿದವನೇ ಇಟ್ಕೊಳ್ತಾನೆ, ಕಳಕೊಂಡವನು ಹುಡುಕ್ಕೊಳ್ಳಲಿ’ ಅಂದುಬಿಡುತ್ತಾನೆ. ಉತ್ತರ ಇಂಗ್ಲೆಂಡಿನ ಆಡುಮಾತಿನ 1825ರ ಪದಕೋಶದಲ್ಲಿ ಹೆಚ್ಚುಕಡಿಮೆ ಹೀಗೆಯೇ ದಾಖಲಾಗಿದೆ. ಪಕ್ಕದಲ್ಲಿದ್ದವನ ಬಾಯಿ ಮುಚ್ಚಿಸುವ ಮಾತದು, ವಸ್ತುವಿನ ಒಡೆಯನ ಬಾಯಿ ಮುಚ್ಚಿಸುವುದಲ್ಲ. 1722ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿದ್ದೂ ಇದನ್ನೇ: ಸಿಕ್ಕವನ ಹಕ್ಕು ನಿಜವಾದ ಒಡೆಯನನ್ನು ಬಿಟ್ಟು ಉಳಿದೆಲ್ಲರಿಗಿಂತ ಮೇಲು. ಆ ಮೊಕದ್ದಮೆಯಲ್ಲಿ, ಹೊಗೆಗೂಡು ಗುಡಿಸುವ ಹುಡುಗನೊಬ್ಬ ತನಗೆ ಸಿಕ್ಕ ಒಡವೆಯನ್ನು ಅಕ್ಕಸಾಲಿಗನಿಗೆ ತೋರಿಸಲು ಒಯ್ದಾಗ, ತೂಗುವ ನೆಪದಲ್ಲಿ ಅಂಗಡಿಯ ಕೆಲಸದ ಹುಡುಗ ಹರಳು ಕಿತ್ತಿಟ್ಟುಕೊಂಡಿದ್ದ.

ಅಲ್ಲಿನದೇ 1841ರ ಇನ್ನೊಂದು ಮೊಕದ್ದಮೆ ನಿಮ್ಮ ಮನೆಯ ಕಥೆಯೇ. ಹರಾಜಿನಲ್ಲಿ ಕೊಂಡ ಹಳೆಯ ಮೇಜಿನ ಗುಪ್ತ ಖಾನೆಯಲ್ಲಿ ಹಣದ ಚೀಲವಿತ್ತು. ಮಾರಾಟವಾದದ್ದು ಮೇಜು ಮಾತ್ರ, ಹಾಗೆಂದು ಗೊತ್ತಿದ್ದೂ ಹಣ ಇಟ್ಟುಕೊಂಡರೆ ಕಳವು ಎಂದಿತು ಕೋರ್ಟು. ನಮ್ಮಲ್ಲೂ 1872ರ ಒಪ್ಪಂದ ಕಾಯ್ದೆಯ 71ನೇ ಕಲಂ ಪ್ರಕಾರ, ಸಿಕ್ಕ ವಸ್ತುವನ್ನು ವಶಕ್ಕೆ ತೆಗೆದುಕೊಂಡವರು ಅದನ್ನು ಜೋಪಾನ ಮಾಡಲೇಬೇಕು. ಒಡೆಯರು ಯಾರೆಂದು ವಿಚಾರಿಸದೆ ಬಳಸಿಕೊಂಡರೆ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಅನ್ವಯಿಸಬಹುದು.

ಸರವನ್ನು ತೊಳೆಯಬೇಡಿ, ಉಜ್ಜಿಸಬೇಡಿ. ಕೊಂಡಿ, ಮುದ್ರೆ, ಪದಕದ ಹಿಂಬದಿ, ಸುತ್ತಿದ ಬಟ್ಟೆ ಎಲ್ಲದರ ಫೋಟೊ ತೆಗೆಯಿರಿ. ಆಮೇಲೆ ಕಣ್ಣೆದುರೇ ತೂಗಿಸಿ ಬರೆದಿಡಿ, ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಈ ವಾರವೇ ಬೀರು ಮಾರಿದವರಿಗೆ ಫೋನ್ ಮಾಡಿ ‘ಬೀರುವಿನೊಳಗೆ ಒಂದು ವಸ್ತು ಸಿಕ್ಕಿದೆ, ನಿಮ್ಮದೇನಾದರೂ ಕಾಣೆಯಾಗಿದೆಯೇ?’ ಎಂದಷ್ಟೇ ಕೇಳಿ. ಕೆಲಸ ಕೆಡುವುದು ಇಲ್ಲೇ. ‘ಚಿನ್ನದ ಸರವೇ?’ ಎಂದರೆ ಯಾರಾದರೂ ಹೌದೆಂದಾರು. ಫೋಟೊ ಕಳಿಸಿದಿರೋ, ಅದು ಅವರ ಮನೆಯ ವಾಟ್ಸ್ಆಪ್ ಗುಂಪು ಸುತ್ತಿ ನಾಲ್ವರು ಒಂದೇ ವರ್ಣನೆ ಒಪ್ಪಿಸುತ್ತಾರೆ.

ವಸ್ತು ತೋರಿಸದೆ ಗುರುತು ಹೇಳಿಸುವುದು ಹಳೆಯ ಉಪಾಯ. ಎರಡು ಸಾವಿರ ವರ್ಷಕ್ಕೂ ಹಿಂದಿನ ರೋಮನ್ ನಾಟಕಕಾರ ಪ್ಲೌಟಸ್‌ನ ಒಂದು ನಾಟಕದಲ್ಲಿ ಮೀನುಗಾರನ ಬಲೆಗೆ ಪೆಟ್ಟಿಗೆ ಬೀಳುತ್ತದೆ. ‘ಸಮುದ್ರದ ಮೀನಿನಂತೆ ಇದೂ ನನ್ನದೇ’ ಎಂದು ಅವನ ವಾದ (ನಿಮ್ಮ ಯಜಮಾನರಿಗೆ ಒಳ್ಳೆಯ ಜೊತೆ!). ಆದರೆ ಒಳಗಿನ ಪುಟ್ಟ ಕತ್ತಿ, ಪುಟ್ಟ ಕೊಡಲಿ, ಅವುಗಳ ಮೇಲೆ ಕೆತ್ತಿದ ಹೆಸರುಗಳನ್ನು ಒಬ್ಬ ಹುಡುಗಿ ನೋಡದೆಯೇ ಹೇಳುತ್ತಾಳೆ. ಅವು ಯಾರವೆಂಬುದು ಅಲ್ಲಿಗೆ ತೀರ್ಮಾನವಾಗುತ್ತದೆ.

ಮಾರಿದವರೇ ಒಡೆಯರು ಎಂದುಕೊಳ್ಳಬೇಡಿ. ತೀರಿಕೊಂಡ ತಾಯಿಯ ಸರವಾಗಿದ್ದರೆ ಹೆಣ್ಣುಮಕ್ಕಳಿಗೂ ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ನಾಳೆ ಅವರ ಜಗಳಕ್ಕೆ ನೀವು ಸಾಕ್ಷಿ. ಗುರುತು ಸರಿಯಾಗಿ ಹೇಳಿದವರಿಗೆ ಕೊಡುವಾಗ ತೂಕ, ತಾರೀಕು ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಮಾರಿದವರೂ ಬೀರುವನ್ನು ಬೇರೆಯವರಿಂದ ಕೊಂಡಿದ್ದರೆ ಆ ಮೊದಲಿನವರನ್ನೂ ವಿಚಾರಿಸಿ. ಯಾರ ಗುರುತೂ ಹೊಂದದಿದ್ದರೆ ಪೊಲೀಸ್ ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಯಜಮಾನರನ್ನು ಕಳ್ಳ ಎನ್ನಬೇಡಿ. ‘ಒಂದು ಫೋನ್ ನೀವೇ ಮಾಡಿ’ ಎನ್ನಿ. ಕಳೆದುಕೊಂಡವರ ದನಿ ಅವರ ಕಿವಿಗೇ ಬೀಳಲಿ, ನಿಮ್ಮ ವಾದಕ್ಕಿಂತ ಅದು ಬೇಗ ನಾಟುತ್ತದೆ. ಸರದ ಒಡೆಯರು ಬಹುಮಾನ ಘೋಷಿಸಿದ್ದರೆ ಮಾತ್ರ ಅದನ್ನು ಹಕ್ಕಿನಿಂದ ಕೇಳಬಹುದು. ಅವರಾಗಿ ಏನಾದರೂ ಕೊಟ್ಟರೆ ತೆಗೆದುಕೊಳ್ಳಿ, ತಪ್ಪೇನಿಲ್ಲ. ಸರ ಅವರ ಕೈ ಸೇರುವ ಮುಂಚೆ ಮಾತ್ರ ಬಹುಮಾನದ ಮಾತೆತ್ತಬೇಡಿ.