ನಾಡಿ 46 ಇರೋದು ಓಟದಿಂದಲ್ಲ

ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಆರು ತಿಂಗಳಾಯಿತು, 14 ವರ್ಷದ ಮಗಳು ಊಟ ಬಿಟ್ಟು ಸೊರಗಿದ್ದಾಳೆ, ವಾಚಿನಲ್ಲಿ ನಾಡಿ 46 ತೋರಿಸ್ತಿದೆ, ‘ದಿನಾ ಓಡ್ತಾಳಲ್ಲ, ಅದಕ್ಕೇ’ ಅಂತಾರೆ ಯಜಮಾನರು, ಡಾಕ್ಟರಿಗೆ ತೋರಿಸಿದರೆ ಬಿಲ್ಲು, ವೀಸಾ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ.

ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರು), ಆಸ್ಪತ್ರೆ ಎಲ್ಲ ಅದರಲ್ಲೇ ಬಂತು. ವೀಸಾಗೇನೂ ಆಗುವುದಿಲ್ಲ.

ಓಟದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಚೆನ್ನಾಗಿ ತಿಂದು ಓಡುವವರ ನಾಡಿಯೂ ನಿಧಾನ ಇರುತ್ತದೆ, ನಿಜ. ಹೊಟ್ಟೆಗಿಲ್ಲದ ಮಕ್ಕಳಲ್ಲಿ ಕಾರಣ ಬೇರೆ. ಇರುವ ಶಕ್ತಿ ಉಳಿಸಿಕೊಳ್ಳಲು ದೇಹವೇ ಬಡಿತ ಇಳಿಸುತ್ತದೆ. ಹೃದಯದ ಸ್ನಾಯುವೂ ಕರಗುತ್ತದೆ. ಬಿಪಿ ಇಳಿದು, ಎದ್ದು ನಿಂತರೆ ತಲೆ ಸುತ್ತುತ್ತದೆ. ಕದ್ದು ವಾಂತಿ ಮಾಡುತ್ತಿದ್ದರಂತೂ ಪೊಟ್ಯಾಸಿಯಂ ಕಡಿಮೆಯಾಗಿ ಬಡಿತದ ಲಯವೇ ತಪ್ಪಬಹುದು. ಅದು ಜೀವಕ್ಕೇ ಅಪಾಯ. ಇಲ್ಲಿನ ಮನೋವೈದ್ಯರ ರಾಯಲ್ ಕಾಲೇಜು 2022ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ, ಎಚ್ಚರವಿದ್ದಾಗ ನಾಡಿ 40ಕ್ಕಿಂತ ಕೆಳಗಿದ್ದರೆ ಕೆಂಪು, ಅಂದರೆ ಹೆಚ್ಚು ಅಪಾಯ; 40ರಿಂದ 50 ಹಳದಿ, ಅಂದರೆ ಎಚ್ಚರಿಕೆ. ನಿಮ್ಮ ಮಗಳದು ಹಳದಿ. ವಾಚು ನಂಬದಿದ್ದರೆ ಕೈ ಹಿಡಿದು ಒಂದು ನಿಮಿಷ ಎಣಿಸಿ.

ನಾಳೆ ಬೆಳಿಗ್ಗೆ ಎಂಟಕ್ಕೇ ಜಿಪಿಗೆ ಫೋನ್ ಮಾಡಿ, ಅವತ್ತೇ ನೋಡಬೇಕು ಅನ್ನಿ. ‘ಈಟಿಂಗ್ ಡಿಸಾರ್ಡರ್ (ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ) ಇರಬಹುದು, ನಾಡಿ 46’ ಅಂತ ನೇರ ಹೇಳಿ. ನಮ್ಮ ಕಡೆಯವರು ಸುಸ್ತು, ಹೊಟ್ಟೆನೋವು ಅಂತ ಸುತ್ತಿ ಬಳಸಿ ಹೇಳುತ್ತೇವೆ, ಡಾಕ್ಟರು ಕೊಡುವ ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ. ಮಲಗಿಸಿ, ನಿಲ್ಲಿಸಿ ನಾಡಿ-ಬಿಪಿ ನೋಡಲಿ, ಇಸಿಜಿ ತೆಗೆಯಲಿ. ರಕ್ತದ ರಿಪೋರ್ಟ್ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ; ಕಾಯಿಲೆ ಜಾಸ್ತಿ ಇದ್ದಾಗಲೂ ಅದು ಸರಿಯಾಗಿಯೇ ಬರಬಹುದು. 19 ವರ್ಷದೊಳಗಿನವರಿಗೆ ಅರ್ಜೆಂಟ್ ಇದ್ದರೆ ಒಂದು ವಾರ, ಇಲ್ಲದಿದ್ದರೆ ನಾಲ್ಕು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಇಂಗ್ಲೆಂಡಿನ ಗುರಿ. ಗುರಿ ಅಷ್ಟೇ, ನೀವು ಬೆನ್ನು ಹತ್ತಬೇಕು. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ.

ಡಾಕ್ಟರು ನೋಡುವವರೆಗೆ ಓಟ, ಸ್ಕೂಲಿನ ಪಿಇ (ಆಟ-ವ್ಯಾಯಾಮದ ಪೀರಿಯಡ್) ಎರಡೂ ಬೇಡ. ಊಟ ಕೊಡುತ್ತಿರಿ, ಆದರೆ ಒಂದೇ ಸಲ ತುಪ್ಪ, ಹೋಳಿಗೆ ಅಂತ ತುರುಕಬೇಡಿ. ತುಂಬಾ ದಿನ ಹಸಿದ ದೇಹಕ್ಕೆ ಏಕಾಏಕಿ ಜಾಸ್ತಿ ಬಿದ್ದರೆ ರಕ್ತದ ಫಾಸ್ಫೇಟ್ ಇಳಿದು ಹೃದಯಕ್ಕೇ ಕಷ್ಟ. ಎಷ್ಟು ಕೊಡಬೇಕು ಅಂತ ಅವರು ಹೇಳುತ್ತಾರೆ. ತೂಕ ಮರಳಿದರೆ ಹೃದಯವೂ ಸಾಮಾನ್ಯವಾಗಿ ಸುಧಾರಿಸುತ್ತದೆ.

ಡಾಕ್ಟರು ಮಗಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಬಹುದು, ಇಲ್ಲಿ ಅದು ಮಾಮೂಲು. ಬೇಜಾರು ಮಾಡಿಕೊಳ್ಳದೆ ಹೊರಗೆ ಕೂತಿರಿ. ಊರಿನ ಅಜ್ಜಿಗೂ ಹೇಳಿಬಿಡಿ, ವಿಡಿಯೋ ಕಾಲ್‌ನಲ್ಲಿ ದಪ್ಪ-ಸಣ್ಣ ಅನ್ನೋ ಮಾತು ಬೇಡ ಅಂತ.